ಎಫ್‌ಐಆರ್ ಕಾಪಿ: ಆರು ಸಲ ಅಲೆದೆ, ಏಳನೇ ಸಲ ಅವರೇ ಕರೆದರು

"ಸ್ಟೇಷನ್‌ನಿಂದ ಕಾಗದ ಈಚೆ ಬರುತ್ತಾ? ಸುಮ್ನೆ ದುಡ್ಡು ದಂಡ ಮಾಡ್ಕೋಬೇಡ" ಅಂತ ನಮ್ಮ ಭಾವ ನಕ್ಕಿದ್ದರು. ಈಗ ಆ ಕಾಗದ ನನ್ನ ಟ್ರಂಕಿನಲ್ಲಿದೆ, ಸೀಲ್ ಸಮೇತ. ಬೋರ್‌ವೆಲ್ ಕೇಬಲ್ ಹೇಗೆ ಕದೀತಾರೆ, ಎಲ್ಲಿ ಸುಟ್ಟು ತಾಮ್ರ ತೆಗೀತಾರೆ ಅನ್ನೋದು ನಮ್ಮ ಚಿಕ್ಕಬಳ್ಳಾಪುರ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾಪಿ ಹೇಗೆ ಬಂತು ಅಂತಷ್ಟೇ ಹೇಳುತ್ತೇನೆ.

2024ರ ಆಗಸ್ಟ್. ತೋಟದಲ್ಲಿ ಕೇಬಲ್, ಸ್ಟಾರ್ಟರ್ ಎರಡೂ ಮಾಯ. ಠಾಣೆಯಲ್ಲಿ ಬಾಯಲ್ಲೇ ಹೇಳಿದೆ, ರೈಟರ್ ಬರೆದುಕೊಂಡರು, ಓದದೇ ಸಹಿ ಹಾಕಿದೆ. ಅಲ್ಲೇ ನಾನು ಎಡವಿದ್ದು. ಕಾಪಿ ಕೇಳಿದರೆ "ನಾಳೆ ಬನ್ನಿ ಯಜಮಾನ್ರೇ, ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ." ಹೀಗೇ ಆರು ನಾಳೆಗಳು. ಬಸ್ ಚಾರ್ಜು, ಟೀ, ಕೆಲಸ ಕೆಟ್ಟಿದ್ದು ಎಲ್ಲ ಸೇರಿ ಸಾವಿರದ ಐನೂರರ ಹತ್ತಿರ ಹೋಯಿತು. ನಡುವೆ ಒಬ್ಬ ಪುಣ್ಯಾತ್ಮನಿಗೆ 500 ಕೊಟ್ಟೆ. ಅವನು ತಂದಿದ್ದು ಮೊಬೈಲ್ ಫೋಟೋ. ನಂಬರ್ ಇರಬೇಕಾದ ಮೂಲೆಯಲ್ಲಿ ಅವನದೇ ಹೆಬ್ಬೆರಳು!

ಆಮೇಲೆ ಆರ್‌ಟಿಐ. ಮೊದಲ ಅರ್ಜಿ ಎರಡು ಪುಟ ಬರೆದೆ, ಸಿಟ್ಟೆಲ್ಲ ಅದರಲ್ಲೇ ಸುರಿದಿದ್ದೆ. ವಾಪಸ್ ಬಂತು. ಒಂದೇ ವಿಷಯ, 150 ಪದದೊಳಗೆ ಅನ್ನೋ ನಿಯಮ ನಮ್ಮ ರಾಜ್ಯದಲ್ಲಿದೆ, ಮರೆತೇಬಿಟ್ಟಿದ್ದೆ. ಎರಡನೆಯದು ಐದೇ ಸಾಲು, 10 ರೂಪಾಯಿಯ ಪೋಸ್ಟಲ್ ಆರ್ಡರ್. ಇಪ್ಪತ್ತೇಳನೆಯದೋ ಇಪ್ಪತ್ತೆಂಟನೆಯದೋ ದಿನ ಉತ್ತರ ಬಂತು. ಪುಟಕ್ಕೆ 2 ರೂಪಾಯಿ ಕಟ್ಟಿ ತಗೊಂಡೆ.

ನೋಡಿದರೆ ಎಫ್‌ಐಆರ್ ಆಗಿಯೇ ಇಲ್ಲ. ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಮಾಡಿಟ್ಟಿದ್ದಾರೆ. ಮಾಲಿನ ಬೆಲೆ "ಅಂದಾಜು 4,500". ಹೊಸ ಕಾನೂನಿನಲ್ಲಿ 5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನ ಅಸಂಜ್ಞೇಯ. ಅಂದರೆ ಎಫ್‌ಐಆರ್ ಬೇಡ, ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ತನಿಖೆಯೂ ಇಲ್ಲ. ಇಲ್ಲದ ಕಾಗದಕ್ಕೆ ನಾನು ಆರು ಸಲ ಅಲೆದಿದ್ದೆ! ಇಷ್ಟು ಗೊತ್ತಾಗಿದ್ದೇ ಆ ಹಾಳೆಯಿಂದ. ಹಾಗಾಗಿ ಆರ್‌ಟಿಐಗೆ ಕೊಟ್ಟ ದುಡ್ಡು ದಂಡ ಅನ್ನಲಾರೆ.

ಚಿಂತಾಮಣಿಯಲ್ಲಿ ಕೇಬಲ್ ತಗೊಂಡ ಬಿಲ್ ಹುಡುಕಿದೆ. ಔಷಧಿ ಅಂಗಡಿ ಚೀಟಿಗಳ ನಡುವೆ ಸಿಕ್ಕಿತು, ಸುಮಾರು 19 ಸಾವಿರದ್ದು. ಸ್ಟಾರ್ಟರ್ ಬಿಲ್ ಸಿಗಲಿಲ್ಲ, ಅಂಗಡಿಯವರು ಹಳೇ ಪುಸ್ತಕ ನೋಡಿ ಬರೆದುಕೊಟ್ಟರು. ಅದನ್ನೆಲ್ಲ ಲಗತ್ತಿಸಿ, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4), ಅಂದರೆ ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಎಸ್ಪಿಗೆ ಬರೆಯೋ ಕಲಂ, ಅಂತ ಮೇಲೆ ಬರೆದು, ಎಸ್ಪಿ ಸಾಹೇಬರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. (ಈಗ ರಿಜಿಸ್ಟರ್ಡ್ ಅನ್ನು ಸ್ಪೀಡ್ ಪೋಸ್ಟ್‌ಗೇ ಸೇರಿಸಿದ್ದಾರೆ, ಅದನ್ನೇ ಮಾಡಿ.) ಇನ್ನೊಂದು ಪ್ರತಿ ಠಾಣೆಗೂ ಹೋಯಿತು. ಪತ್ರದ ಕೊನೆಗೆ ಒಂದು ಸಾಲು ಹಾಕಿದ್ದೆ. ಅದನ್ನು ಇಲ್ಲಿ ಹೇಳಲ್ಲ, ಎಲ್ಲರೂ ಹಾಕಿದರೆ ಅದರ ಖಾರ ಹೋಗುತ್ತೆ.

ಒಂಬತ್ತು ದಿನಕ್ಕೆ ಫೋನ್. "ಬಂದು ಸಹಿ ಮಾಡಿ ಹೋಗಿ ಸಾರ್." ಯಜಮಾನ್ರು ಹೋಗಿ ಸಾರ್ ಆಗಿದ್ದೆ! ಈ ಸಲ ಕೂತು ಓದಿದೆ, ಬೆಲೆ ನೋಡಿದೆ, ಆಮೇಲೆ ಸಹಿ. ಕಾಪಿ ಅಲ್ಲೇ ಕೊಟ್ಟರು. ಒಂದು ಪೈಸೆ ಇಲ್ಲ. ದೂರು ಕೊಟ್ಟವರಿಗೆ ಇಲ್ಲವೇ ನೊಂದವರಿಗೆ ಪುಕ್ಕಟೆ ಕೊಡಬೇಕು ಅಂತ 173(2)ರಲ್ಲೇ ಇದೆ ಅಲ್ವಾ. ಝೆರಾಕ್ಸ್ ಪೇಪರ್ ಇಲ್ಲ ಅಂತಾರೇನೋ ಅಂತ ನಾಲ್ಕು ಹಾಳೆ ಜೇಬಲ್ಲಿಟ್ಟುಕೊಂಡು ಹೋಗಿದ್ದೆ, ಬೇಕಾಗಲಿಲ್ಲ.

ಚಟ ಬಿಡುತ್ತಾ? ಎಫ್‌ಐಆರ್ ಅನ್ನು 24 ಗಂಟೆಯೊಳಗೆ ವೆಬ್‌ಸೈಟ್‌ಗೆ ಹಾಕಬೇಕು, ನೆಟ್‌ವರ್ಕ್ ತೊಂದರೆ ಇದ್ದರೂ 72 ಗಂಟೆ ಮೀರಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಮಗನ ಮೊಬೈಲ್‌ನಲ್ಲಿ ಹುಡುಕಿದೆ. ಮೂರನೇ ದಿನ ಕಾಣಿಸಿತು. ಅತ್ಯಾಚಾರದಂಥ ಸೂಕ್ಷ್ಮ ಕೇಸುಗಳನ್ನು ಹಾಕಲ್ಲ, ಹುಡುಕಿ ಪ್ರಯೋಜನವಿಲ್ಲ. ಪಕ್ಕದ ಊರಿನ ಬದು ಜಗಳದಲ್ಲಿ ಆರೋಪಿಯಾದ ಹುಡುಗನಿಗೂ ಅರ್ಜಿ ಬರೆದುಕೊಟ್ಟೆ. ಅವನಿಗೆ ಕೋರ್ಟಿನ ನಕಲು ಶಾಖೆಯಿಂದ ಬಂತು. ಎರಡು ದಿನದಲ್ಲಿ ಸಿಗಬೇಕಿತ್ತು, ವಾರ ಹಿಡಿಯಿತು.

ಕೇಬಲ್ ಮಾತ್ರ ಇನ್ನೂ ಸಿಕ್ಕಿಲ್ಲ. ಹೊಸದಕ್ಕೆ 22 ಸಾವಿರ ಆಯಿತು. ಈ ಸಲ ಪೈಪಿನೊಳಗೆ ಎಳೆದು, ಮೇಲೆ ಕಾಂಕ್ರೀಟ್ ಹಾಕಿಸಿದ್ದೇನೆ. ಬಿಲ್ಲನ್ನು ಎಫ್‌ಐಆರ್ ಜೊತೆಗೇ ಇಟ್ಟಿದ್ದೇನೆ.