ಮಳೆಗಾಲದಲ್ಲೇ ಹಾಸಿಗೆ ತೊಳೆದೆ, ಒಣಗಿಸಿಯೂ ತೋರಿಸಿದೆ

ಹೋಂಸ್ಟೇ ನಡೆಸುವವರಿಗೆ ಜುಲೈ, ಆಗಸ್ಟ್ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಜೋಗ ತುಂಬಿ ಧುಮುಕುವುದೂ ಆಗಲೇ, ಬುಕಿಂಗ್ ಬರುವುದೂ ಆಗಲೇ, ವಾರಗಟ್ಟಲೆ ಬಿಸಿಲು ಕಾಣದಿರುವುದೂ ಆಗಲೇ. ಚಳಿಗೆ, ಹೊಸ ಜಾಗಕ್ಕೆ, ಮಕ್ಕಳು ಹಾಸಿಗೆ ಒದ್ದೆ ಮಾಡುವುದೂ ಆಗಲೇ. ಪಾಪ, ಬೈಯುವ ಹಾಗೂ ಇಲ್ಲ.

ಕ್ವೀನ್ ಸೈಜಿನ ನಾರಿನ ಹಾಸಿಗೆ ಈಗ ಹತ್ತು ಹನ್ನೊಂದು ಸಾವಿರ. ವರ್ಷಕ್ಕೊಂದಾದರೂ ನಮ್ಮಲ್ಲಿ ಅಟ್ಟ ಸೇರುತ್ತಿತ್ತು. ತೊಳೆಯುವವರನ್ನು ಪೇಟೆಯಿಂದ ಕರೆಸಿದರೆ ಒಂದಕ್ಕೆ ಒಂದೂವರೆ ಸಾವಿರ, ಮೇಲೆ ಗಾಡಿ ಖರ್ಚು. ತೊಳೆದು ಹೋದ ದಿನ ಹಾಸಿಗೆ ಬೆಳ್ಳಗೆ ಇತ್ತು. ನಾಲ್ಕೈದು ದಿನಕ್ಕೆ ವಾಸನೆ ವಾಪಸ್ಸು, ಜೊತೆಗೆ ಮುಗ್ಗು. "ಮಾರಾಯ್ತಿ, ಅದಕ್ಕೆ ಇನ್ನೂ ದುಡ್ಡು ಸುರೀತೀಯಾ? ಮಳೆಗಾಲದಲ್ಲಿ ತೊಳೆದ ಹಾಸಿಗೆ ಯಾರ ಮನೇಲಿ ಒಣಗಿದೆ?" ಅಂತ ಪಕ್ಕದೂರಿನ ಹೋಂಸ್ಟೇ ಅಕ್ಕ ನಕ್ಕಿದ್ದರು.

ಎಲ್ಲರೂ ಹೇಳುವ ಮದ್ದು ನಾನೂ ಮಾಡಿ ನೋಡಿದೆ. ವಿನೆಗರ್ ಮೇಲೆ ಅಡುಗೆ ಸೋಡಾ ಸುರಿದರೆ ನೊರೆ ಬರುತ್ತದೆ, ನೋಡಲು ಚೆಂದ. ಒಂದನ್ನೊಂದು ತಿಂದು ಹಾಕುತ್ತವೆ, ಕೆಲಸಕ್ಕೆ ಏನೂ ಉಳಿಯುವುದಿಲ್ಲ. ಫಿನಾಯಿಲ್ ಹಾಕಿದರೆ ಬಸ್‌ಸ್ಟ್ಯಾಂಡ್ ಶೌಚಾಲಯದ ವಾಸನೆ, ಅತಿಥಿಗೆ ಇನ್ನೂ ಅನುಮಾನ. ಹಬೆ ಯಂತ್ರವನ್ನು ಬಾಡಿಗೆಗೆ ತಂದೆವು. ಬಿಸಿಗೆ ಕಲೆ ಇನ್ನಷ್ಟು ಕಚ್ಚಿಕೊಂಡಿತು, ಒಳಗೆ ತೇವವೂ ಸೇರಿತು. ಬ್ಲೀಚಿಂಗ್ ಪೌಡರ್ ಮಾತ್ರ ಉಚ್ಚೆ ಬಿದ್ದ ಕಡೆ ಹಾಕಲೇಬೇಡಿ. ಮುಚ್ಚಿದ ಕೋಣೆಯಲ್ಲಿ ಏಳುವ ಗಾಳಿ ಎದೆಗೆ ಒಳ್ಳೆಯದಲ್ಲ.

ಉಚ್ಚೆ ಒಣಗಿದಾಗ ಅದರಲ್ಲಿರುವ ಯೂರಿಕ್ ಆಮ್ಲ ಹರಳಾಗುತ್ತದೆ. ಸುಮ್ನೆ ನೀರು ಹಾಕಿದರೆ ಕರಗುವುದಿಲ್ಲ. ಗಾಳಿಯ ತೇವ ತಾಗಿದರೆ ಮತ್ತೆ ನಾರುತ್ತದೆ. ಬೇಸಿಗೆಯಲ್ಲಿ ಸುಮ್ಮನಿದ್ದ ಹಾಸಿಗೆ ಜೂನ್‌ನಲ್ಲಿ ವಾಸನೆ ಹೊಡೆಯುವುದು ಇದಕ್ಕೇ. ಹಾಗಾಗಿ ಹಳೆ ಕಲೆಗೆ ಮೊದಲು ಎನ್‌ಜೈಮ್ ದ್ರಾವಣ. ನಾಯಿ ಬೆಕ್ಕು ಸಾಕುವವರಿಗೆ ಮಾರುತ್ತಾರಲ್ಲ, ಅದು. ಅರ್ಧ ಲೀಟರಿಗೆ ನಾನೂರೈವತ್ತೋ ಐನೂರೋ ಕೊಟ್ಟ ನೆನಪು. ಸಿಂಪಡಿಸಿ ಒರೆಸಿದರೆ ದುಡ್ಡು ದಂಡ. ಕಲೆ ಇಳಿದಷ್ಟು ಆಳಕ್ಕೆ ಅದೂ ಇಳಿಯಬೇಕು. ಮೇಲೆ ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಡುತ್ತೇನೆ. ಕಲೆಯ ಅಂಚು ಹುಡುಕಲು ಮುನ್ನೂರು ರೂಪಾಯಿಯ ನೇರಳೆ ಟಾರ್ಚ್ ಇದೆ, ನೋಟು ಪರೀಕ್ಷೆ ಮಾಡುವ ಥರದ್ದು. ಕತ್ತಲೆಯಲ್ಲಿ ಹಿಡಿದರೆ ಉಚ್ಚೆ ಬಿದ್ದ ಜಾಗ ಹೊಳೆಯುತ್ತದೆ. ಸೋಪಿನ ಪುಡಿ ಮೆತ್ತಿದ ಜಾಗವೂ ಹೊಳೆಯುತ್ತದೆ, ಮೋಸ ಹೋಗಬೇಡಿ.

ಮಾರನೇ ದಿನ ಹೈಡ್ರೋಜನ್ ಪೆರಾಕ್ಸೈಡ್. ಈ ಕ್ರಮ ತಿರುಗಿಸಬಾರದು. ಪೆರಾಕ್ಸೈಡ್ ಮೊದಲು ಬಿದ್ದರೆ ಎನ್‌ಜೈಮ್ ಸತ್ತಂತೆಯೇ. ಮೆಡಿಕಲ್ ಶಾಪಿನಲ್ಲಿ ಸಿಗುವುದು 6 ಪರ್ಸೆಂಟಿನದ್ದು. ಅಷ್ಟೇ ನೀರು ಸೇರಿಸಿ 3 ಮಾಡಿಕೊಳ್ಳುತ್ತೇನೆ. ದೊಡ್ಡ ಲೋಟಕ್ಕೆ ಎರಡು ಮೂರು ಚಮಚ ಅಡುಗೆ ಸೋಡಾ, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಆಗಲೇ ಕಲಸಿ ಆಗಲೇ ಖಾಲಿ ಮಾಡಬೇಕು. ಮುಚ್ಚಳ ಬಿಗಿ ಮಾಡಿಟ್ಟರೆ ಬಾಟಲಿ ಉಬ್ಬುತ್ತದೆ. ಬಣ್ಣದ ಬಟ್ಟೆಯ ಹಾಸಿಗೆಯಾದರೆ ಮೂಲೆಯಲ್ಲಿ ಪರೀಕ್ಷೆ ಮಾಡಿಯೇ ಮುಂದಿನ ಮಾತು. ರಕ್ತದ ಕಲೆಗೂ ಇದೇ, ಆದರೆ ಮೊದಲು ತಣ್ಣೀರು. ಬಿಸಿನೀರು ಹತ್ತಿರಕ್ಕೂ ತರಬೇಡಿ.

ಅರ್ಧ ಗಂಟೆ ಬಿಟ್ಟು ನೀರೆಳೆಯುವ ವ್ಯಾಕ್ಯೂಮ್ ಹಚ್ಚುತ್ತೇನೆ. ಆರೂವರೆ ಸಾವಿರ ಆಗಿತ್ತು, ಮನೆಯಲ್ಲಿ ದೊಡ್ಡ ಜಗಳವೂ ಆಗಿತ್ತು. ಈಗ ಯಾರೂ ಮಾತಾಡುವುದಿಲ್ಲ. ಸ್ವಲ್ಪ ನೀರು ಚಿಮುಕಿಸು, ಎಳೆ, ಮತ್ತೆ ಚಿಮುಕಿಸು, ಎಳೆ. ತೆಂಗಿನ ನಾರಿನ ಹಾಸಿಗೆಯಾದರೆ ಚಹಾ ಡಿಕಾಕ್ಷನ್ ಥರ ಕಂದು ನೀರು ಬರುತ್ತದೆ. ಅದು ಕೊಳೆಯಲ್ಲ, ನಾರಿನ ಚೊಗರು. ಹಾಗೇ ಒಣಗಲು ಬಿಟ್ಟರೆ ಅದೇ ಮೇಲೆ ಬಂದು ದೊಡ್ಡ ಕಂದು ವೃತ್ತ ಕೂರುತ್ತದೆ. ಒದ್ದೆ ಜಾಗದ ಮೇಲೆ ಹಳೆಯ ಬಿಳಿ ಪಂಚೆ ಹಾಸಿ, ಒತ್ತಿ ಬಿಡುತ್ತೇನೆ. ವೃತ್ತ ಪಂಚೆಯ ಮೇಲೆ ಮೂಡುತ್ತದೆ, ಹಾಸಿಗೆ ಬಚಾವ್.

ಇಲ್ಲಿಯವರೆಗಿನದು ಯಾರು ಬೇಕಾದರೂ ಮಾಡಬಹುದು. ಒಣಗಿಸುವುದೇ ನಿಜವಾದ ಕೆಲಸ. ನಮ್ಮ ಕಡೆ ಜುಲೈನಲ್ಲಿ ಫ್ಯಾನ್ ಹಾಕಿದರೆ ಒದ್ದೆ ಗಾಳಿಯೇ ಸುತ್ತುತ್ತದೆ. ಎಸಿ ಕೋಣೆಯಲ್ಲಿ ಡ್ರೈ ಮೋಡ್ ಹಾಕಿ ನೋಡಿದೆ. ಪರವಾಗಿಲ್ಲ, ಆದರೆ ಕರೆಂಟ್ ಇರಬೇಕಲ್ಲ! ತೇವ ಎಳೆಯುವ ಯಂತ್ರಕ್ಕೆ ಹದಿನೈದು ಸಾವಿರದ ಹತ್ತಿರ ಹೇಳಿದರು, ಬಿಟ್ಟೆ. ಆಮೇಲೆ ಹೊಳೆಯಿತು: ಸೌದೆ ಉರಿಸಿ ಅಡಿಕೆ ಒಣಗಿಸುವ ನಮ್ಮ ಡ್ರೈಯರ್ ಕೊಯ್ಲಿನ ತನಕ ಖಾಲಿಯೇ ಅಲ್ವಾ?

ಮೊದಲ ಪ್ರಯತ್ನದಲ್ಲಿ ಹಾಸಿಗೆ ಒಣಗಿತು, ಆದರೆ ಹೊಗೆ ವಾಸನೆ ಹಿಡಿಯಿತು. ಹೊಗೆ ಕೊಳವೆಯ ಜೋಡಣೆ ಸರಿಪಡಿಸಿದ ಮೇಲೆ ಆ ತೊಂದರೆ ಹೋಯಿತು. ಬೆಂಕಿ ಸಣ್ಣಗಿರಬೇಕು, ಕೈ ಇಟ್ಟರೆ ಹಿತವಾಗಿರುವಷ್ಟು ಬಿಸಿ ಸಾಕು. ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸುತ್ತೇನೆ, ಎರಡೂ ಮುಖಕ್ಕೆ ಗಾಳಿ ಆಡಲಿ ಅಂತ. ಗಾಳಿಕಿಂಡಿ ತೆರೆದೇ ಇರಬೇಕು, ಇಲ್ಲವಾದರೆ ಆವಿ ಅಲ್ಲೇ ಸುತ್ತುತ್ತದೆ. ಉರಿ ಇರುವಷ್ಟು ಹೊತ್ತು ಒಬ್ಬರು ಅಲ್ಲೇ ಕೂರಬೇಕು, ಇದರಲ್ಲಿ ರಾಜಿ ಇಲ್ಲ. ಒಂದೂವರೆ ದಿನ, ಕೆಲವೊಮ್ಮೆ ಎರಡು. ಫೋಮ್ ಮತ್ತು ಲೇಟೆಕ್ಸ್ ಹಾಸಿಗೆ ಇಲ್ಲಿಗೆ ಬೇಡ, ಅವುಗಳಿಗೆ ಎಸಿ ಕೋಣೆಯೇ ಗತಿ. ಒಳಗೆ ಬೂಷ್ಟು ಇಳಿದದ್ದನ್ನು ನಾನೂ ಎಸೆಯುತ್ತೇನೆ.

ಒಂದು ಹಾಸಿಗೆಗೆ ಸೌದೆ ಬಿಟ್ಟು ಮುನ್ನೂರು ಚಿಲ್ಲರೆ ಖರ್ಚು. ಕಳೆದ ಎರಡು ಸೀಸನ್ನಿನಲ್ಲಿ ಹೊಸ ಹಾಸಿಗೆ ಕೊಂಡಿಲ್ಲ. ಕೊನೆಗೆ ಹಾಸಿಗೆಯ ಮೇಲೆ ಉದುರಿಸಿ ಎಳೆಯುವ ಒಂದು ಪುಡಿ ಇದೆ, ಸೋಡಾ ಜೊತೆ ಇನ್ನೊಂದು ಸೇರಿಸುತ್ತೇನೆ. ಅದನ್ನು ಮಾತ್ರ ಕೇಳಬೇಡಿ.

ಸಾರಿನ ಅರಿಸಿನದ ಕಲೆಯ ಮೇಲೂ ಪ್ರಯೋಗ ನಡೆದಿದೆ. ಸೋಡಾ ತಾಗಿದರೆ ಕೆಂಪಾಗುತ್ತದೆ, ಹೆದರಬೇಡಿ. ಉಳಿದ ಹಳದಿಯನ್ನು ಅಕ್ಟೋಬರ್ ಬಿಸಿಲು ತಿನ್ನುತ್ತದೆ, ಅಲ್ಲಿಯವರೆಗೆ ಆ ಮುಖ ಕೆಳಗೆ. ಕವಳದ, ಅಂದರೆ ಎಲೆಯಡಿಕೆಯ ಕಲೆ ಮಾತ್ರ ನನ್ನ ಕೈಗೆ ಬಗ್ಗಿಲ್ಲ. ಪೆರಾಕ್ಸೈಡಿಗೆ ಸ್ವಲ್ಪ ತಿಳಿಯಾಯಿತು, ಅಷ್ಟೇ. ಯಾರಾದರೂ ಪೂರ್ತಿ ತೆಗೆದವರಿದ್ದರೆ ಹೇಳಿ, ಬದಲಿಗೆ ಆ ಪುಡಿಯ ಹೆಸರು ಕೊಡುತ್ತೇನೆ.