ಚೆಕ್‌ಲಿಸ್ಟ್ ಓದದೆ ‘ಓಕೆ’ ಕಳಿಸಬೇಡಿ: ಮೊದಲ ಸಲ ರಫ್ತು ಮಾಡುವವರಿಗೆ ಕಸ್ಟಮ್ಸ್ ದಾರಿ

ಹಾವೇರಿ ಕಡೆಯ ವ್ಯಾಪಾರಿಯೊಬ್ಬರು ಬ್ಯಾಡಗಿ ಮೆಣಸಿನಕಾಯಿ ಪುಡಿಯ ಮೊದಲ ಕಂಟೇನರ್ ಹೊರದೇಶಕ್ಕೆ ಕಳಿಸಿದ್ದರು. ಮಾಲು ಸರಿಯಾಗಿ ತಲುಪಿತು. ದುಡ್ಡೂ ಬಂತು. ಆದರೆ ಅವರು ಕಟ್ಟಿದ್ದ ಜಿಎಸ್‌ಟಿ ಹತ್ತು ತಿಂಗಳಾದರೂ ವಾಪಸ್ ಬರಲಿಲ್ಲ. ಫೈಲ್ ತಂದು ನನ್ನ ಮುಂದೆ ಇಟ್ಟರು. ನೋಡಿದರೆ ಶಿಪ್ಪಿಂಗ್ ಬಿಲ್‌ನಲ್ಲಿ, ಅಂದರೆ ರಫ್ತಿಗಾಗಿ ಕಸ್ಟಮ್ಸ್‌ಗೆ ಕೊಡುವ ಹೇಳಿಕೆಯಲ್ಲಿ, ಒಂದು ಇನ್‌ವಾಯ್ಸ್ ನಂಬರ್ ಇತ್ತು, ಜಿಎಸ್‌ಟಿ ರಿಟರ್ನ್‌ನಲ್ಲಿ ಇನ್ನೊಂದು. ಇಷ್ಟೇ ತಪ್ಪು. ಈ ತರಹದ ಫೈಲುಗಳನ್ನು ನಾನು ವರ್ಷ ವರ್ಷ ನೋಡುತ್ತಿದ್ದೇನೆ. ಮಾಲು ಬೆಳೆಯುವುದು, ಒಣಗಿಸುವುದು, ಗಿರಾಕಿ ಹುಡುಕುವುದು ಎಲ್ಲ ಚೆನ್ನಾಗಿ ಮಾಡಿರುತ್ತಾರೆ. ಕೆಡುವುದು ಕಾಗದದಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಐಇಸಿ

ಆಮದು, ರಫ್ತು ಎರಡಕ್ಕೂ ಬೇಕಾದ ಕೋಡ್ ಇದು. ಕೊಡುವುದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಎಲ್ಲರ ಬಾಯಲ್ಲಿ ಡಿಜಿಎಫ್‌ಟಿ. ಅರ್ಜಿ ಆನ್‌ಲೈನ್, ಶುಲ್ಕ 500 ರೂಪಾಯಿ. ಜಿಎಸ್‌ಟಿ ಬಂದ ಮೇಲೆ ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಕೈಯಲ್ಲಿದ್ದರೆ ನೀವೇ ಕೂತು ಮಾಡಬಹುದು.

ಒಂದು ಎಚ್ಚರಿಕೆ. ಐಇಸಿ ಅಂತ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ವೆಬ್‌ಸೈಟುಗಳು ಸಾಲಾಗಿ ಬರುತ್ತವೆ. ಲಾಂಛನದ ತರಹದ ಚಿತ್ರ, ಮೂರು ಬಣ್ಣದ ಪಟ್ಟಿ ಎಲ್ಲ ಇರುತ್ತದೆ. 500 ರೂಪಾಯಿ ಕೆಲಸಕ್ಕೆ ಕೆಲವು ಸಾವಿರ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದಿದ್ದರೆ ಆ ಪುಟ ಮುಚ್ಚಿಬಿಡಿ.

ಐಇಸಿ ಸಿಕ್ಕ ಮೇಲೆ ಮರೆಯುವವರೇ ಜಾಸ್ತಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಲಾಗಿನ್ ಆಗಿ ವಿವರಗಳನ್ನು ಖಚಿತಪಡಿಸಬೇಕು. ಏನೂ ಬದಲಾಗಿಲ್ಲ ಅಂದರೂ ಮಾಡಲೇಬೇಕು. ಮಾಡದಿದ್ದರೆ ಐಇಸಿ ನಿಂತುಹೋಗುತ್ತದೆ. ಲಾರಿ ಬಂದರಿನ ಗೇಟಿನಲ್ಲಿ ನಿಂತಾಗ ಇದು ಗೊತ್ತಾದರೆ ಎಂಥ ಸಂಕಟ ಯೋಚಿಸಿ.

ಹೆಜ್ಜೆ 2: ಬ್ಯಾಂಕ್, ಮಂಡಳಿ, ಎಲ್‌ಯುಟಿ

ಬ್ಯಾಂಕಿನಿಂದ ಎಡಿ ಕೋಡ್ ಪತ್ರ ತನ್ನಿ. ವಿದೇಶಿ ಹಣದ ವ್ಯವಹಾರ ನೋಡುವ ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ ಅದು. ಅದು 14 ಅಂಕಿಯದು. ಕಸ್ಟಮ್ಸ್‌ನ ‘ಐಸ್‌ಗೇಟ್’ ಪೋರ್ಟಲ್‌ನಲ್ಲಿ ಅದನ್ನು ಮಾಲು ಹೊರಡುವ ಜಾಗಕ್ಕೆ ನೋಂದಾಯಿಸಿ. ಬೆಂಗಳೂರು ಏರ್ ಕಾರ್ಗೋಗೆ ನೋಂದಾಯಿಸಿ ಮಾಲನ್ನು ಪಣಂಬೂರಿನ ನವಮಂಗಳೂರು ಬಂದರಿಗೆ ಕಳಿಸಿದರೆ ಕೆಲಸ ನಿಲ್ಲುತ್ತದೆ. ಅದೇ ಪೋರ್ಟಲ್‌ನಲ್ಲಿ ರಿಫಂಡ್ ಬರಬೇಕಾದ ಖಾತೆಯನ್ನೂ ಸೇರಿಸಿ.

ಮಸಾಲೆ ಪದಾರ್ಥಕ್ಕೆ ಕೊಚ್ಚಿಯ ಸಾಂಬಾರ ಮಂಡಳಿಯ ನೋಂದಣಿ ಬೇಕು. ಕಾಫಿಗೆ ಬೆಂಗಳೂರಿನ ಕಾಫಿ ಮಂಡಳಿ. ಅಕ್ಕಿ, ಹಣ್ಣು, ತರಕಾರಿಗೆ ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಅಪೆಡಾ. ಮೆಣಸಿನಕಾಯಿ ಮತ್ತು ಅದರ ಪುಡಿಗೆ ಸುಡಾನ್ ಅನ್ನುವ ಕೃತಕ ಬಣ್ಣ, ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಇವುಗಳ ಪರೀಕ್ಷೆಯೂ ಇದೆ. ಸ್ಯಾಂಪಲ್ ಕೊಟ್ಟು ವರದಿ ಬರುವವರೆಗಿನ ದಿನಗಳನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಈಗ ಜಿಎಸ್‌ಟಿ. ರಫ್ತಿಗೆ ಎರಡು ದಾರಿ. ಐಜಿಎಸ್‌ಟಿ (ರಾಜ್ಯ, ದೇಶದ ಗಡಿ ದಾಟುವ ಮಾಲಿನ ಜಿಎಸ್‌ಟಿ) ಕಟ್ಟಿ ಆಮೇಲೆ ವಾಪಸ್ ಪಡೆಯುವುದು ಒಂದು. ಎಲ್‌ಯುಟಿ ಅನ್ನುವ ಮುಚ್ಚಳಿಕೆ ಕೊಟ್ಟು ತೆರಿಗೆ ಕಟ್ಟದೇ ಕಳಿಸುವುದು ಇನ್ನೊಂದು. ಹೊಸಬರಿಗೆ ನಾನು ಹೇಳುವುದು ಎಲ್‌ಯುಟಿ ಮಾತ್ರ. ನಿಮ್ಮ ಬಂಡವಾಳ ನಿಮ್ಮ ಕೈಯಲ್ಲೇ ಇರುತ್ತದೆ, ಕಾಗದ ತಪ್ಪಾದರೂ ದುಡ್ಡು ಸಿಕ್ಕಿಬೀಳುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ–11 ಅರ್ಜಿ ತುಂಬಿದರೆ ಮುಗಿಯಿತು. ಪ್ರತಿ ಹಣಕಾಸು ವರ್ಷಕ್ಕೆ ಹೊಸದು ಬೇಕು. ಇನ್‌ವಾಯ್ಸ್ ತಾರೀಖಿನಿಂದ 3 ತಿಂಗಳ ಒಳಗೆ ಮಾಲು ದೇಶ ಬಿಡಬೇಕು. ಬಿಡದಿದ್ದರೆ ಬಡ್ಡಿ ಸಮೇತ ತೆರಿಗೆ ಕಟ್ಟಬೇಕಾಗುತ್ತದೆ.

ಹೆಜ್ಜೆ 3: ಎಚ್‌ಎಸ್ ಕೋಡ್

ಜಗತ್ತಿನ ಎಲ್ಲ ಮಾಲಿಗೂ ಒಂದು ಸಂಖ್ಯೆ ಇದೆ. ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ. ಕೊನೆಯ 2 ನಮ್ಮ ದೇಶದ್ದು. ಹೀಗೆ ಶಿಪ್ಪಿಂಗ್ ಬಿಲ್‌ನಲ್ಲಿ 8 ಅಂಕಿ ಬರೆಯಬೇಕು.

ಪಕ್ಕದ ಅಂಗಡಿಯವರು ಬರೆದಿದ್ದನ್ನೇ ನೀವೂ ಬರೆಯಬೇಡಿ. ಒಣ ಮೆಣಸಿನಕಾಯಿ ಇಡಿಯಾಗಿ ಹೋದರೆ 0904 21. ಪುಡಿ ಮಾಡಿದರೆ 0904 22. ಅದೇ ಕಾಯಿ, ಗಿರಣಿಗೆ ಹೋಗಿ ಬಂದರೆ ಬೇರೆ ಕೋಡ್. ಅದಕ್ಕೆ ಕೊತ್ತಂಬರಿ, ಜೀರಿಗೆ ಬೆರೆಸಿದರೆ 0910ಕ್ಕೆ ಹೋಗುತ್ತದೆ. ಮಸಾಲೆಯ ಗುಣವೇ ಮರೆಯಾಗುವಷ್ಟು ಬೇರೆ ಸಾಮಾನು ಬೆರೆಸಿದರೆ 9ನೇ ಅಧ್ಯಾಯವನ್ನೇ ಬಿಟ್ಟು 2103ರ ಕಡೆ ನೋಡಬೇಕು. ಕಾಫಿಯಲ್ಲೂ ಹೀಗೆಯೇ. ಹುರಿಯದ ಬೀಜ 0901 11, ಹುರಿದದ್ದು 0901 21, ಇನ್‌ಸ್ಟಂಟ್ ಪುಡಿ 2101. ಚನ್ನಪಟ್ಟಣದ ಗೊಂಬೆ ಮಕ್ಕಳು ಆಡುವುದಾದರೆ 9503. ಶೋಕೇಸಿನಲ್ಲಿ ಇಡುವ ಮರದ ಅಲಂಕಾರದ ವಸ್ತುವಾದರೆ 4420. ನಮ್ಮ ಮಲೆನಾಡಿನ ಅಡಿಕೆ 0802. ಸುಪಾರಿಯಾಗಿ ತಯಾರಾದ ಮೇಲೆ 2106. ಎಲ್ಲಿಯವರೆಗೆ ಅದು ಅಡಿಕೆ, ಎಲ್ಲಿಂದ ಸುಪಾರಿ ಅನ್ನುವುದರ ಮೇಲೆ ಎಷ್ಟೋ ಜಗಳ ನಡೆದಿದೆ.

ಕೋಡ್ ಹುಡುಕಿಕೊಡುವ ಉಚಿತ ಆ್ಯಪ್‌ಗಳನ್ನು ನಂಬಬೇಡಿ. ಹೆಸರು ಹೊಂದುವ ಮೊದಲ ಸಾಲನ್ನು ಎತ್ತಿ ಕೊಡುತ್ತವೆ, ಅಷ್ಟೇ. ಸುಂಕಪಟ್ಟಿಯಲ್ಲಿ ಪ್ರತಿ ಅಧ್ಯಾಯದ ಆರಂಭದಲ್ಲಿ ಟಿಪ್ಪಣಿಗಳಿವೆ. ಯಾವುದು ಒಳಗೆ, ಯಾವುದು ಹೊರಗೆ ಅಂತ ತೀರ್ಮಾನ ಆಗುವುದು ಅಲ್ಲಿ. ಎರಡು ಪುಟ ಇರುತ್ತದೆ, ಸಮಾಧಾನವಾಗಿ ಓದಿ.

ಹೆಜ್ಜೆ 4: ಒಂದೇ ಇನ್‌ವಾಯ್ಸ್

ಗಿರಾಕಿಗೆ ಡಾಲರ್ ಲೆಕ್ಕದ ಒಂದು ಇನ್‌ವಾಯ್ಸ್, ಲೆಕ್ಕಪತ್ರಕ್ಕೆ ರೂಪಾಯಿಯ ಇನ್ನೊಂದು. ಈ ಅಭ್ಯಾಸ ಇವತ್ತೇ ಬಿಡಿ. ಒಂದೇ ಇನ್‌ವಾಯ್ಸ್ ಮಾಡಿ, ಒಂದೇ ನಂಬರ್ ಕೊಡಿ, ಅದರಲ್ಲೇ ಡಾಲರ್ ಮತ್ತು ರೂಪಾಯಿ ಎರಡನ್ನೂ ತೋರಿಸಿ. ನಂಬರ್ 16 ಅಕ್ಷರ ದಾಟಬಾರದು. ನನ್ನ ಆಸೆ ಕೇಳಿದರೆ ಓರೆಗೆರೆ, ಅಡ್ಡಗೆರೆ ಏನೂ ಬೇಡ, ಬರೀ ಅಕ್ಷರ ಮತ್ತು ಅಂಕಿ ಸಾಕು. ಮೂರು ಜನ ಮೂರು ಕಡೆ ಟೈಪ್ ಮಾಡುವಾಗ ತಪ್ಪಲು ಜಾಗವೇ ಇರಬಾರದು.

ಹೆಜ್ಜೆ 5: ಚೆಕ್‌ಲಿಸ್ಟ್

ಇಲ್ಲಿ ನಿಧಾನಿಸಿ. ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ.

ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ ಸಲ್ಲಿಸುವುದು ಸಾಮಾನ್ಯವಾಗಿ ನಿಮ್ಮ ಪರವಾಗಿ ಕಸ್ಟಮ್ಸ್ ಬ್ರೋಕರ್. ಬಂದರಿನಲ್ಲಿ ಈಗಲೂ ಎಲ್ಲರೂ ಸಿಎಚ್‌ಎ ಅಂತಲೇ ಕರೆಯುತ್ತಾರೆ. ಅವರ ಆಫೀಸಿನವರು ನಿಮ್ಮ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನೋಡಿ ವಿವರ ತುಂಬುತ್ತಾರೆ. ಸಲ್ಲಿಸುವ ಮೊದಲು ‘ಚೆಕ್‌ಲಿಸ್ಟ್’ ಅನ್ನುವ ಕರಡನ್ನು ನಿಮಗೆ ಕಳಿಸುತ್ತಾರೆ. ರಾತ್ರಿ ಒಂಬತ್ತಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ನೀವು ಊಟಕ್ಕೆ ಕೂತಿರುತ್ತೀರಿ. ಸುಮ್ನೆ ‘ಓಕೆ’ ಅಂತ ಕಳಿಸಿಬಿಡುತ್ತೀರಿ. ಅಲ್ಲಿಗೆ ಮುಗಿಯಿತು. ಅದರಲ್ಲಿ ಏನಿದೆಯೋ ಅದೇ ನಿಮ್ಮ ಹೇಳಿಕೆ. ಮಾಲು ಹೋದ ಮೇಲೆ ತಿದ್ದಬೇಕಾದರೆ 1962ರ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್ ಪ್ರಕಾರ ಅಧಿಕಾರಿಗೆ ಅರ್ಜಿ ಕೊಡಬೇಕು. ರಫ್ತಿನ ಹೊತ್ತಿಗೆ ಇದ್ದ ದಾಖಲೆಯಷ್ಟೇ ಆಗ ಆಧಾರ. ಆಮೇಲೆ ಬರೆದುಕೊಟ್ಟ ಪತ್ರ ನಡೆಯುವುದಿಲ್ಲ.

ಹಾಗಾಗಿ ಚೆಕ್‌ಲಿಸ್ಟನ್ನು ಪ್ರಿಂಟ್ ಹಾಕಿಸಿ. ಮೊಬೈಲ್ ಪರದೆಯಲ್ಲಿ ಓದಬೇಡಿ, ಸಾಲು ತಪ್ಪುತ್ತದೆ. ಪಕ್ಕದಲ್ಲಿ ಇನ್‌ವಾಯ್ಸ್ ಇಟ್ಟುಕೊಳ್ಳಿ, ಕೈಯಲ್ಲಿ ಪೆನ್ನು. ನೋಡಿದ್ದಕ್ಕೆಲ್ಲ ಟಿಕ್ ಹಾಕುತ್ತಾ ಬನ್ನಿ.

ಮೊದಲು ಜಿಎಸ್‌ಟಿ ನಂಬರ್. ನಿಮಗೆ ಎರಡು ರಾಜ್ಯದಲ್ಲಿ ನೋಂದಣಿ ಇದ್ದರೆ ಯಾವ ನಂಬರಿನಿಂದ ಇನ್‌ವಾಯ್ಸ್ ಮಾಡಿದ್ದೀರೋ ಅದೇ ಇಲ್ಲಿಯೂ ಇರಬೇಕು. ಆಮೇಲೆ ಇನ್‌ವಾಯ್ಸ್ ನಂಬರ್ ಮತ್ತು ತಾರೀಖು. ಒಂದೊಂದು ಅಕ್ಷರವನ್ನೂ ಬಾಯಿಬಿಟ್ಟು ಓದಿ. ಇಂಗ್ಲಿಷಿನ ‘ಓ’ ಅಕ್ಷರ ಮತ್ತು ಸೊನ್ನೆ ಅದಲು ಬದಲಾದ ಫೈಲು ನನ್ನ ಹತ್ತಿರ ಬಂದಿದೆ.

ನಂತರ ತೆರಿಗೆಯ ಕಾಲಂ. ಎಲ್‌ಯುಟಿ ಮೇಲೆ ಕಳಿಸಿದರೆ ‘ಎಲ್‌ಯುಟಿ’ ಅಂತ ಇರಬೇಕು. ತೆರಿಗೆ ಕಟ್ಟಿದ್ದರೆ ‘ಪಿ’. ಕಟ್ಟಿದವರ ಬಿಲ್‌ನಲ್ಲಿ ‘ಎಲ್‌ಯುಟಿ’ ಅಂತ ಬಿದ್ದರೆ ಕಂಪ್ಯೂಟರ್ ನಿಮಗೆ ಕೊಡಬೇಕಾದ್ದು ಏನೂ ಇಲ್ಲ ಅಂದುಕೊಳ್ಳುತ್ತದೆ. ತೆರಿಗೆ ಕಟ್ಟಿದ ರಫ್ತಿಗೆ ಶಿಪ್ಪಿಂಗ್ ಬಿಲ್ಲೇ ರಿಫಂಡ್ ಅರ್ಜಿ, ಬೇರೆ ಅರ್ಜಿ ಇಲ್ಲ. ಈ ಒಂದು ಅಕ್ಷರದ ಬೆಲೆ ಗೊತ್ತಾಯಿತಲ್ವಾ?

ಬೆಲೆಯ ಸಾಲು. ಗಿರಾಕಿ ಜೊತೆ ಆದ ಮಾತು ಎಫ್‌ಒಬಿಯೋ (ಮಾಲು ಹಡಗು ಹತ್ತುವವರೆಗಿನ ಬೆಲೆ) ಸಿಐಎಫ್ಫೋ (ಬಾಡಿಗೆ, ವಿಮೆ ಸೇರಿದ ಬೆಲೆ) ನೋಡಿ. ಸಿಐಎಫ್ ಆದರೆ ಹಡಗಿನ ಬಾಡಿಗೆ, ವಿಮೆ ಬೇರೆಯಾಗಿ ತೋರಿಸಿ ಕಳೆದಿರಬೇಕು. ರೂಪಾಯಿಗೆ ತಿರುಗಿಸುವುದು ಕಸ್ಟಮ್ಸ್ ಪ್ರಕಟಿಸಿದ ದರದಲ್ಲಿ. ನಿಮ್ಮ ಬ್ಯಾಂಕಿನ ದರ ಬೇರೆ ಇದ್ದರೆ ಗಾಬರಿ ಬೇಡ.

ರೋಡ್‌ಟೆಪ್. 2021ರ ಜನವರಿ 1ರಿಂದ ಜಾರಿಗೆ ಬಂದ ಯೋಜನೆ ಇದು. ಬೇರೆಲ್ಲೂ ವಾಪಸ್ ಸಿಗದ ಸಣ್ಣ ಸಣ್ಣ ತೆರಿಗೆಗಳ ಬದಲಿಗೆ ಸಿಗುವ ಮೊತ್ತ. ನಿಮ್ಮ ಮಾಲು ಪಟ್ಟಿಯಲ್ಲಿದ್ದರೆ ಪ್ರತಿ ಐಟಂ ಮುಂದೆ ‘ರೋಡ್‌ಟೆಪ್–ವೈ’ ಅಂತ ಇರಬೇಕು. ‘ಎನ್’ ಅಂತ ಇದ್ದರೆ ಬೇಡ ಅಂದ ಹಾಗೆ. ಬೇಡ ಅಂದದ್ದನ್ನು ಆಮೇಲೆ ಕೇಳುವುದು ತುಂಬಾ ಕಷ್ಟ.

ಇನ್ನೊಂದು ಕಾಲಂ ಯಾರೂ ನೋಡುವುದೇ ಇಲ್ಲ: ಮಾಲು ಹುಟ್ಟಿದ ರಾಜ್ಯ ಮತ್ತು ಜಿಲ್ಲೆ. 2020ರ ಫೆಬ್ರವರಿಯಿಂದ ಇದು ಕಡ್ಡಾಯ. ಎಷ್ಟೋ ಚೆಕ್‌ಲಿಸ್ಟ್‌ಗಳಲ್ಲಿ ಆಫೀಸ್ ವಿಳಾಸ ನೋಡಿ ಬೆಂಗಳೂರು ಅಂತ ಹಾಕಿರುತ್ತಾರೆ. ಹಾವೇರಿಯ ರೈತ ಬೆಳೆದ ಮೆಣಸಿನಕಾಯಿ ಬೆಂಗಳೂರಿನ ಲೆಕ್ಕಕ್ಕೆ ಹೋಗುತ್ತದೆ. ನಮ್ಮ ಜಿಲ್ಲೆಯಿಂದ ಎಷ್ಟು ರಫ್ತಾಗುತ್ತದೆ ಅಂತ ಸರ್ಕಾರಕ್ಕೆ ಗೊತ್ತಾಗುವುದು ಈ ಕಾಲಂನಿಂದ. ಶೈತ್ಯಾಗಾರ, ಪರೀಕ್ಷಾಲಯ ಕೇಳಲು ನಮ್ಮ ಹತ್ತಿರ ಇರುವ ಆಧಾರವೂ ಅದೇ. ನನಗೆ ಇದು ಬಹಳ ಮುಖ್ಯ. ದಯವಿಟ್ಟು ನಿಮ್ಮ ಜಿಲ್ಲೆಯ ಹೆಸರೇ ಬರೆಸಿ.

ತೂಕ, ಚೀಲದ ಸಂಖ್ಯೆ, ಎಡಿ ಕೋಡ್, 8 ಅಂಕಿಯ ಎಚ್‌ಎಸ್ ಕೋಡ್ ನೋಡಿ. ಎಲ್ಲಕ್ಕೂ ಟಿಕ್ ಬಿದ್ದ ಮೇಲೆ ‘ಓಕೆ’ ಕಳಿಸಿ. ಸಿಎಚ್‌ಎ ಅವಸರ ಮಾಡಿದರೂ ಅರ್ಧ ಗಂಟೆ ಕೊಡಿ ಅಂತ ಕೇಳಿ. ಒಳ್ಳೆಯ ಸಿಎಚ್‌ಎ ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಮುಂದಿನ ಸಲಕ್ಕೆ ಬೇರೆಯವರನ್ನು ನೋಡಿ.

ಹೆಜ್ಜೆ 6: ಮಾಲು ಗೇಟಿಗೆ

ಮಾಲು ಒಳಗೆ ಹೋಗುತ್ತದೆ, ಬೇಕೆನಿಸಿದರೆ ಅಧಿಕಾರಿ ತೆರೆದು ನೋಡುತ್ತಾರೆ, ‘ಲೆಟ್ ಎಕ್ಸ್‌ಪೋರ್ಟ್’, ಅಂದರೆ ಮಾಲು ಹೊರಗೆ ಹೋಗಬಹುದು ಅನ್ನುವ ಆದೇಶ ಸಿಗುತ್ತದೆ. ಮರದ ಪೆಟ್ಟಿಗೆ, ಪ್ಯಾಲೆಟ್ ಬಳಸಿದರೆ ಅದರ ಮೇಲೆ ಐಎಸ್‌ಪಿಎಂ–15 ಮುದ್ರೆ ಇರಲಿ. ಮರವನ್ನು ಕಾಯಿಸಿಯೋ ಹೊಗೆ ಹಾಕಿಯೋ ಹುಳು ಹೋಗಿಸಿದ್ದಾರೆ ಅನ್ನುವುದಕ್ಕೆ ಅದು ಗುರುತು. ಅಗ್ಗಕ್ಕೆ ಸಿಗುವ ಮುದ್ರೆಯಿಲ್ಲದ ಪ್ಯಾಲೆಟ್ ತೆಗೆದುಕೊಂಡರೆ ಆಚೆ ದೇಶದ ಬಂದರಿನಲ್ಲಿ ಇಡೀ ಕಂಟೇನರ್ ನಿಲ್ಲುತ್ತದೆ.

ಇಲ್ಲಿ ಒಂದು ಅಡ್ಡದಾರಿಯ ಮಾತು. ಸಣ್ಣ ಆರ್ಡರ್ ಅಂದ ಕೂಡಲೇ ಕೆಲವು ಏಜೆಂಟರು ‘ಗಿಫ್ಟ್ ಅಂತ ಕೊರಿಯರ್ ಮಾಡಿಬಿಡಿ, ಯಾವ ಕಾಗದವೂ ಬೇಡ’ ಅನ್ನುತ್ತಾರೆ. ಮಾಡಬೇಡಿ. ಮಾರಿದ ಮಾಲನ್ನು ಉಡುಗೊರೆ ಅನ್ನುವುದು ಸುಳ್ಳು ಹೇಳಿಕೆ. ರಫ್ತಿನ ದಾಖಲೆ ಇರುವುದಿಲ್ಲ, ಬಂದ ಡಾಲರಿಗೆ ಬ್ಯಾಂಕಿಗೆ ತೋರಿಸಲು ಏನೂ ಇರುವುದಿಲ್ಲ. ಸಣ್ಣ ಪಾರ್ಸೆಲ್‌ಗೆ ಸರಿಯಾದ ದಾರಿಗಳಿವೆ. ಕೊರಿಯರ್ ಆದರೆ ಸಿಎಸ್‌ಬಿ–5 ಅನ್ನುವ ಶಿಪ್ಪಿಂಗ್ ಬಿಲ್. ಅಂಚೆಯಾದರೆ ಡಾಕ್ ಘರ್ ನಿರ್ಯಾತ್ ಕೇಂದ್ರ. ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ ಮಾರುವವರಿಗೆ ಅಂಚೆಯ ದಾರಿಯೇ ನನ್ನ ಮೊದಲ ಸಲಹೆ.

ಹೆಜ್ಜೆ 7: ಮಾಲು ಹೊರಟ ಮೇಲೆ

ಮಾಲು ಹೊತ್ತ ಹಡಗಿನವರೋ ವಿಮಾನದವರೋ ಇಜಿಎಂ ಅನ್ನುವ ಪಟ್ಟಿ ಸಲ್ಲಿಸಬೇಕು. ಆಗ ಮಾತ್ರ ಮಾಲು ನಿಜಕ್ಕೂ ದೇಶ ಬಿಟ್ಟಿತು ಅಂತ ಲೆಕ್ಕ. ಬೆಂಗಳೂರಿನ ವೈಟ್‌ಫೀಲ್ಡ್‌ನ ಒಣ ಬಂದರಿನಲ್ಲಿ (ಸಮುದ್ರದಿಂದ ದೂರದ ಕಸ್ಟಮ್ಸ್ ಕಂಟೇನರ್ ನಿಲ್ದಾಣ) ಕ್ಲಿಯರ್ ಆಗಿ ಚೆನ್ನೈನಲ್ಲಿ ಹಡಗು ಹತ್ತುವ ಕಂಟೇನರ್‌ಗೆ ಎರಡೂ ಕಡೆಯ ಇಜಿಎಂ ತಾಳೆಯಾಗಬೇಕು.

ಮುಂದಿನ ತಿಂಗಳು ಜಿಎಸ್‌ಟಿಯ ಮಾರಾಟದ ರಿಟರ್ನ್ ಜಿಎಸ್‌ಟಿಆರ್–1ರಲ್ಲಿ ರಫ್ತಿನ 6ಎ ಕೋಷ್ಟಕ ತುಂಬುವಾಗ ಶಿಪ್ಪಿಂಗ್ ಬಿಲ್ ಎದುರಿಗಿಟ್ಟುಕೊಳ್ಳಿ. ಬಂದರಿನ ಕೋಡ್ ಕೇಳುವ ಕಡೆ ಬಿಲ್ ಸಲ್ಲಿಸಿದ ಜಾಗದ ಕೋಡ್ ಬರೆಯಿರಿ. ವೈಟ್‌ಫೀಲ್ಡ್‌ನಲ್ಲಿ ಸಲ್ಲಿಸಿ ಚೆನ್ನೈ ಕೋಡ್ ಹಾಕುವವರು ಬಹಳ ಜನ. ತೆರಿಗೆ ಕಟ್ಟಿದವರು ತೆರಿಗೆ ಲೆಕ್ಕದ ಜಿಎಸ್‌ಟಿಆರ್–3ಬಿ ರಿಟರ್ನ್‌ನಲ್ಲಿ ಆ ಮೊತ್ತವನ್ನು 3.1(ಬಿ) ಸಾಲಿನಲ್ಲೇ ತೋರಿಸಬೇಕು, ಮೇಲಿನ (ಎ) ಸಾಲಿನಲ್ಲಿ ಅಲ್ಲ.

ಆಮೇಲೆ ರಿಟರ್ನ್ ಮತ್ತು ಶಿಪ್ಪಿಂಗ್ ಬಿಲ್ ತಾಳೆಯಾಯಿತೇ ಅಂತ ಐಸ್‌ಗೇಟ್‌ನಲ್ಲಿ ಬಿಲ್ಲಿನ ಕೋಡ್ ನೋಡಿ. ಎಸ್‌ಬಿ–000 ಬಂದರೆ ತಾಳೆಯಾಯಿತು. 001 ಬಂದರೆ ಶಿಪ್ಪಿಂಗ್ ಬಿಲ್ ವಿವರ ತಪ್ಪು. 002 ಬಂದರೆ ಇಜಿಎಂ ಬಂದಿಲ್ಲ. 003 ಬಂದರೆ ಜಿಎಸ್‌ಟಿ ನಂಬರ್ ಬೇರೆ. 005 ಬಂದರೆ ಇನ್‌ವಾಯ್ಸ್ ನಂಬರ್ ಬೇರೆ. 006 ಅಂದರೆ ಹಡಗು ಹತ್ತಿದ ಬಂದರಿನ ಇಜಿಎಂ ಸಿಕ್ಕಿಲ್ಲ. ರಿಟರ್ನ್‌ನಲ್ಲಿ ಆದ ತಪ್ಪನ್ನು ಮುಂದಿನ ಜಿಎಸ್‌ಟಿಆರ್–1ರ 9ಎ ಕೋಷ್ಟಕದಲ್ಲಿ ತಿದ್ದಬಹುದು. ಹಾವೇರಿಯವರದು 005. ಅವರ ಶಿಪ್ಪಿಂಗ್ ಬಿಲ್ಲೇ ತಪ್ಪಾಗಿತ್ತು. ಎರಡೂ ಇನ್‌ವಾಯ್ಸ್ ಒಂದೇ ಮಾಲಿನದು ಅಂತ ತೋರಿಸುವ ಹೊಂದಾಣಿಕೆ ಪಟ್ಟಿ ಮಾಡಿ, ಶುಲ್ಕ ಕಟ್ಟಿ, ಕಸ್ಟಮ್ಸ್ ಅಧಿಕಾರಿಗೆ ಕೊಟ್ಟೆವು. ಹತ್ತು ತಿಂಗಳು ಆ ಕೋಡನ್ನು ಯಾರೂ ತೆರೆದೇ ನೋಡಿರಲಿಲ್ಲ.

ಕೊನೆಯದು ಬ್ಯಾಂಕ್. ಹಣ ಬಂದಾಗ ಯಾವ ಶಿಪ್ಪಿಂಗ್ ಬಿಲ್ಲಿನದು ಅಂತ ಬ್ಯಾಂಕಿಗೆ ಬರೆದು ಕೊಡಿ. ಬ್ಯಾಂಕ್ ಆ ಬಿಲ್ಲಿನ ಹಣ ಬಂತು ಅಂತ ರಿಸರ್ವ್ ಬ್ಯಾಂಕಿನ ವ್ಯವಸ್ಥೆಯಲ್ಲಿ ದಾಖಲಿಸಿ ಅದನ್ನು ಮುಚ್ಚಬೇಕು. ನಂತರ ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಇ–ಬಿಆರ್‌ಸಿ, ಅಂದರೆ ರಫ್ತಿನ ಹಣ ಬಂದಿದ್ದಕ್ಕೆ ಪ್ರಮಾಣಪತ್ರ, ಮಾಡಿಕೊಳ್ಳಿ. ಅದರ ಪ್ರತಿಯನ್ನು ನೀವು ಟಿಕ್ ಹಾಕಿದ ಆ ಚೆಕ್‌ಲಿಸ್ಟ್ ಜೊತೆಗೇ ಪಿನ್ ಮಾಡಿ, ಕನಿಷ್ಠ 5 ವರ್ಷ ಇಟ್ಟಿರಿ.