ಮುಳುಗಡೆಯ ಊರಿಗೆ ಹೋಗುವಾಗ

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಬಾಗಲಕೋಟೆ ಕಡೆ ಮುಳುಗಿದ ನಿಮ್ಮೂರಿನ ಕುರುಹು ಕಾಣಬೇಕೆಂದರೆ ಏಪ್ರಿಲ್, ಮೇ ತಿಂಗಳಲ್ಲಿ ಹಿನ್ನೀರು ಸರಿದಾಗ ಹೋಗಿ. ಆ ದಿನದ ಮಟ್ಟ ನೋಡಿಯೇ ಹೊರಡಿ. ಮುಂಗಾರು ಹತ್ತಿರವಾದರೆ ಬೇಡ: ಮಹಾರಾಷ್ಟ್ರದಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ.

ಎರೆಮಣ್ಣು ಮೋಸದ್ದು. ಮೇಲೆ ಒಣಗಿ ಬಿರಿದಿದ್ದರೂ ಕೆಳಗೆ ರಾಡಿ. ಎದೆಮಟ್ಟದ ಬಡಿಗೆ ಊರಿ ನೋಡಿ ಹೆಜ್ಜೆ ಇಡಿ. ಅದಕ್ಕಿಂತ ಕೆಟ್ಟದ್ದು ಹಗೇವು. ಜೋಳ ತುಂಬಿಡುತ್ತಿದ್ದ ಆ ನೆಲಗುಣಿಗಳ ಬಾಯಿ ಹೂಳಿನಡಿ ಕಾಣುವುದಿಲ್ಲ, ಕಾಲಿಟ್ಟರೆ ಕುಸಿಯಬಹುದು. ಎಲ್ಲೆಲ್ಲಿದ್ದವೆಂದು ಹಿರಿಯರನ್ನು ಮೊದಲೇ ಕೇಳಿ. ಅಜ್ಜನನ್ನು ಕರೆದೊಯ್ದರೆ ಇನ್ನೂ ಒಳ್ಳೆಯದು, ಆದರೆ ದಂಡೆಯಲ್ಲೇ ಕೂರಿಸಿ.

ಮಣ್ಣಿನ ಗೋಡೆ ಕರಗಿರುತ್ತದೆ. ಕಲ್ಲಿನ ಗುಡಿ ಉಳಿದಿದ್ದರೆ ಅಲ್ಲಿಂದ ಹೆಜ್ಜೆ ಎಣಿಸಿ ಮನೆ ಹುಡುಕಿ. ಜಾಲಿಮುಳ್ಳಿಗೆ ಬೂಟು, ತಲಾ ಮೂರು ಲೀಟರ್ ನೀರು. ಬೆಳಿಗ್ಗೆ ಹತ್ತು ಗಂಟೆಯೊಳಗೆ ಮರಳಿ.